ಸ್ಲಿಪ್‌ನ ಕಾವಲು: ರಾಹುಲ್ ದ್ರಾವಿಡ್ ಹಿಡಿದ 210 ಕ್ಯಾಚುಗಳು

ಅಮೆರಿಕದ ಬೇಸ್‌ಬಾಲ್‌ನಲ್ಲಿ ಒಳಅಂಗಳ ಕಾಯುವ ಆಟಗಾರನ ಕೈಗೆ ಚರ್ಮದ ಗವಸಿರುತ್ತದೆ, ಅವನ ಕೈತಪ್ಪುಗಳಿಗೂ ಅಲ್ಲಿ ಲೆಕ್ಕವಿಡುತ್ತಾರೆ; ಕ್ರಿಕೆಟ್‌ನಲ್ಲಾದರೋ ವಿಕೆಟ್‌ಕೀಪರ್ ಹೊರತು ಉಳಿದವರೆಲ್ಲ ಬರಿಗೈಯಲ್ಲಿ ನಿಲ್ಲಬೇಕು, ಕೈಚೆಲ್ಲಿದ ಕ್ಯಾಚು ಸ್ಕೋರ್‌ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಕರ್ನಾಟಕದ ಕ್ರಿಕೆಟ್ ಚರಿತ್ರೆ ಬ್ಯಾಟಿಂಗ್ ಮತ್ತು ಸ್ಪಿನ್ ಬೌಲಿಂಗಿನ ಚರಿತ್ರೆಯಾಗಿಯೇ ಬರೆಯಲ್ಪಟ್ಟಿರುವುದಕ್ಕೆ ಈ ಲೆಕ್ಕದ ಕ್ರಮವೂ ಒಂದು ಕಾರಣವಿರಬೇಕು.

ಸ್ಪಿನ್ನರನಿಗೆ ಹತ್ತಿರದ ಕೈಗಳು ಎಷ್ಟು ಮುಖ್ಯವೆಂಬುದು 1977ರಲ್ಲಿ ಇಂಗ್ಲೆಂಡ್ ವಿರುದ್ಧ ಬೆಂಗಳೂರಿನಲ್ಲಿ ನಡೆದ ಟೆಸ್ಟಿನಲ್ಲಿ ಚೆನ್ನಾಗಿ ಕಂಡಿತು. ಕರ್ನಾಟಕದ ಸ್ಪಿನ್ನರ್ ಚಂದ್ರಶೇಖರ್ ಮೊದಲ ಇನಿಂಗ್ಸಿನಲ್ಲಿ 6 ವಿಕೆಟ್ ಪಡೆದ ಆ ಪಂದ್ಯದಲ್ಲಿ, ಚೊಚ್ಚಲ ಟೆಸ್ಟ್ ಆಡುತ್ತಿದ್ದ ಯಜುರ್ವೀಂದ್ರ ಸಿಂಗ್ ಒಟ್ಟು 7 ಕ್ಯಾಚು ಹಿಡಿದು ವಿಶ್ವದಾಖಲೆಯನ್ನು ಸರಿಗಟ್ಟಿದರು.

ಮುಂದಿನ ತಲೆಮಾರಿನಲ್ಲಿ ಈ ಕೆಲಸ ದ್ರಾವಿಡರ ಪಾಲಿಗೆ ಬಂತು. ಬ್ಯಾಟಿನ ಅಂಚು ಸವರಿ ಹಿಂದಕ್ಕೆ ಹಾರುವ ಚೆಂಡಿಗಾಗಿ ಕೀಪರ್ ಪಕ್ಕದಲ್ಲಿ ಕಾಯುವ ಸ್ಥಾನವೇ ಸ್ಲಿಪ್. ವೇಗದ ಬೌಲರನಿಗೆ ಸ್ಲಿಪ್ ದೂರದಲ್ಲಿರುವುದರಿಂದ ಚೆಂಡನ್ನು ನೋಡಲು ಒಂದಿಷ್ಟು ಅವಕಾಶ ಸಿಗುತ್ತದೆ; ಅನಿಲ್ ಕುಂಬ್ಳೆಯಂಥ, ತಿರುವಿಗಿಂತ ಪುಟಿತ ಮತ್ತು ವೇಗವನ್ನೇ ನಂಬಿದ ಲೆಗ್ ಸ್ಪಿನ್ನರನಿಗೆ ತೀರ ಹತ್ತಿರ ನಿಲ್ಲಬೇಕಾಗುವುದರಿಂದ, ಮೊದಲೇ ಮಂಡಿ ಬಾಗಿಸಿ ಕೈಗಳನ್ನು ಸಿದ್ಧವಾಗಿಟ್ಟುಕೊಳ್ಳದವನಿಗೆ ಕ್ಯಾಚು ದಕ್ಕುವುದಿಲ್ಲ. ಕುಂಬ್ಳೆಯವರ 619 ಟೆಸ್ಟ್ ವಿಕೆಟ್‌ಗಳಲ್ಲಿ 55 ದ್ರಾವಿಡರ ಕೈಗೆ ಬಿದ್ದವು, ಅಂದರೆ ಹನ್ನೊಂದಕ್ಕೆ ಸುಮಾರು ಒಂದು. ಬೌಲರನ ಕೀರ್ತಿಯಲ್ಲಿ ಇಷ್ಟು ದೊಡ್ಡ ಪಾಲು ಪಡೆದ ಜೊತೆಗಾರನನ್ನು ಅಭಿಮಾನಿಗಳು ‘ಗೋಡೆ’ ಎಂದು ಬ್ಯಾಟಿಗಾಗಿಯಷ್ಟೇ ನೆನೆಯುವುದು ಅರ್ಧ ನೆನಪು.

2009ರ ವೆಲಿಂಗ್ಟನ್ ಟೆಸ್ಟಿನಲ್ಲಿ ಆಸ್ಟ್ರೇಲಿಯಾದ ಮಾರ್ಕ್ ವಾ ಅವರ 181 ಕ್ಯಾಚುಗಳ ದಾಖಲೆಯನ್ನು ದಾಟಿದ ದ್ರಾವಿಡ್, 2012ರಲ್ಲಿ ನಿವೃತ್ತರಾದಾಗ ಲೆಕ್ಕ 164 ಟೆಸ್ಟುಗಳಿಂದ 210ಕ್ಕೆ ನಿಂತಿತ್ತು.

ದಾಖಲೆ ಮುರಿದದ್ದು 2025ರ ಜುಲೈನಲ್ಲಿ, 1996ರಲ್ಲಿ ದ್ರಾವಿಡ್ ಮೊದಲ ಟೆಸ್ಟ್ ಆಡಿದ ಲಾರ್ಡ್ಸ್ ಅಂಗಳದಲ್ಲಿಯೇ. ಇಂಗ್ಲೆಂಡಿನ ಜೋ ರೂಟ್ ಸ್ಲಿಪ್‌ನಲ್ಲಿ ಎಡಗೈ ಚಾಚಿ ತಮ್ಮ 211ನೆಯ ಕ್ಯಾಚು ಹಿಡಿದಾಗ ಪೆವಿಲಿಯನ್ ಕಡೆಗೆ ನಡೆದವರು, ವರ್ಷಗಟ್ಟಲೆ ಕರ್ನಾಟಕಕ್ಕೇ ಆಡಿದ್ದ ಕರುಣ್ ನಾಯರ್.