ಸುಬ್ರಹ್ಮಣ್ಯ ಸೀಮೆಯ ಕೃಷಿಕರಿಗೆ ಸರ್ಕಾರದ ಸಂರಕ್ಷಣಾ ನೆರವು

ಕುಮಾರ ಪರ್ವತದ ಬುಡದಲ್ಲಿರುವ ಸುಬ್ರಹ್ಮಣ್ಯ ಹಾಗೂ ನೆರೆಯ ಗ್ರಾಮಗಳ ಕೃಷಿಕರು ಮಣ್ಣು, ನೀರು, ಮರ ಉಳಿಸಿಕೊಳ್ಳಲೆಂದು ಸರ್ಕಾರ ಕಾಲಕಾಲಕ್ಕೆ ನೀಡಿದ ಹಕ್ಕು, ಸಾಲ ಮತ್ತು ಸಹಾಯಧನಗಳ ಚರಿತ್ರೆ ಇದು. ಈ ಸೀಮೆ 1956ರವರೆಗೆ ಮದ್ರಾಸ್ ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮುಂದೆ ಸುಳ್ಯ ತಾಲೂಕಿಗೆ ಸೇರಿದ್ದ ಸುಬ್ರಹ್ಮಣ್ಯ, ಈಗ ಪುತ್ತೂರು ಮತ್ತು ಸುಳ್ಯದ ಗ್ರಾಮಗಳಿಂದ ರಚಿಸಿದ ಕಡಬ ತಾಲೂಕಿನಲ್ಲಿದೆ.

ಇಲ್ಲಿನ ಅತಿ ಹಳೆಯ ನೆರವು ಹಣದ ರೂಪದ್ದಲ್ಲ. ಅಡಿಕೆ ತೋಟಕ್ಕೆ ಸೊಪ್ಪು ಬೇಕು, ಹಟ್ಟಿಗೆ ತರಗೆಲೆ ಬೇಕು, ಮನೆಗೆ ಕಟ್ಟಿಗೆ ಬೇಕು. ಇವನ್ನು ತರುವ ಗುಡ್ಡಕ್ಕೆ ಬ್ರಿಟಿಷ್ ಕಂದಾಯ ವ್ಯವಸ್ಥೆ ಒಪ್ಪಿಕೊಂಡ ಹೆಸರು ಕುಮ್ಕಿ. 1866ಕ್ಕೆ ಮೊದಲೇ ದಾಖಲಾಗಿದ್ದ ವರ್ಗ ಜಮೀನಿನ (ಕಂದಾಯ ಕಟ್ಟುವ ಹಿಡುವಳಿಯ) ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಮೇವು, ಮರಮಟ್ಟು ಪಡೆಯುವ ಸವಲತ್ತು ವರ್ಗದಾರನದು. ಒಡೆತನ ಮಾತ್ರ ಸರ್ಕಾರದ್ದು. ಕಾಡು ಕಡಿದು ಸುಟ್ಟು ಮಾಡುವ ಕುಮರಿ ಬೇಸಾಯಕ್ಕೆ ಕಡಿವಾಣ ಬಿದ್ದು ಮೀಸಲು ಅರಣ್ಯದ ಗಡಿಗಳು ಗಟ್ಟಿಯಾಗುತ್ತಿದ್ದ ಶತಮಾನದಲ್ಲಿ ತೋಟದವನ ಸೊಪ್ಪಿನ ಗುಡ್ಡ ಹೀಗೆ ಉಳಿದುಕೊಂಡಿತು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 79ನೇ ಕಲಮು ಕುಮ್ಕಿಯನ್ನೂ ಅಂಥವೇ ಆದ ಬಾಣೆ, ಕಾನ ಸವಲತ್ತುಗಳನ್ನೂ ಹಾಗೆಯೇ ಮುಂದುವರಿಸಿತು. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ ಗೊಬ್ಬರದ ಕಾಡು ಇದ್ದವನು ಅದನ್ನು ಬೋಳಿಸಲಾರ. ಸಂರಕ್ಷಣೆ ಎಂಬ ಮಾತೇ ಇಲ್ಲದೆ ನಡೆದ ಸಂರಕ್ಷಣೆ ಇದು. ಆದರೆ ಅದರ ಫಲ ಹಳೆಯ ವರ್ಗದಾರರಿಗಷ್ಟೇ. ಭೂಮಿ ಇಲ್ಲದವರಿಗೆ ಕುಮ್ಕಿಯಲ್ಲಿ ಪಾಲಿರಲಿಲ್ಲ. ರಸಗೊಬ್ಬರ ಮತ್ತು ರಬ್ಬರ್ ಬಂದ ಮೇಲೆ ಎಷ್ಟೋ ಕುಮ್ಕಿ ಗುಡ್ಡಗಳು ತೋಟವಾದವು.

ಸಾಲದ ರೂಪದ ನೆರವಿಗೆ 1883ರ ಭೂ ಸುಧಾರಣಾ ಸಾಲ ಕಾಯ್ದೆ ಆಧಾರ. ಜನ ಇದನ್ನು ತಕಾವಿ ಎಂದರು. ಬಾವಿ, ಬದು, ಕಟ್ಟೆಗಳಿಗೆ ಇದರಲ್ಲಿ ಸರ್ಕಾರಿ ಸಾಲ ಸಿಗುತ್ತಿತ್ತು.

ಸ್ವಾತಂತ್ರ್ಯಾನಂತರ ಘಟ್ಟವನ್ನೇ ಒಂದು ಘಟಕವಾಗಿ ಕಂಡ ಮೊದಲ ದೊಡ್ಡ ಯೋಜನೆ ಕೇಂದ್ರದ ಪಶ್ಚಿಮ ಘಟ್ಟ ಅಭಿವೃದ್ಧಿ ಕಾರ್ಯಕ್ರಮ. 1974–75ರಲ್ಲಿ ಆರಂಭವಾದ ಇದು ಬರಬರುತ್ತ ಜಲಾನಯನ ಅಭಿವೃದ್ಧಿಯ ಕಡೆಗೆ ತಿರುಗಿತು. ಇದಕ್ಕೆ ತುಸು ಮೊದಲು, 1972ರಲ್ಲಿ, ಸುಬ್ರಹ್ಮಣ್ಯ ರೋಡ್ ರೈಲು ನಿಲ್ದಾಣವಿರುವ ನೆಟ್ಟಣದ ಸಮೀಪ ಕಿದುವಿನಲ್ಲಿ ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ ತನ್ನ ಕೇಂದ್ರ ತೆರೆಯಿತು. ಅಲ್ಲಿನ ಅಂತಾರಾಷ್ಟ್ರೀಯ ತೆಂಗು ತಳಿ ಬ್ಯಾಂಕ್ ತಳಿ ಸಂರಕ್ಷಣೆಗೆ ಹೆಸರಾದರೆ, ಊರ ಕೃಷಿಕರಿಗೆ ಕಿದು ಎಂದರೆ ಒಳ್ಳೆಯ ಸಸಿ ಸಿಗುವ ಜಾಗ. 1981–82ರಲ್ಲಿ ಆರಂಭವಾದ ರಾಷ್ಟ್ರೀಯ ಜೈವಿಕ ಅನಿಲ ಯೋಜನೆಯ ಸಹಾಯಧನದಲ್ಲಿ ಬಂದ ಗೋಬರ್ ಗ್ಯಾಸ್ ಕೂಡ ಕಾಡಿನ ಕಟ್ಟಿಗೆ ಉಳಿಸಿತು. ದನ ಸಾಕುವ ಮನೆಗಳಿಗೆ ಇಷ್ಟು ಸಹಜವಾಗಿ ಹೊಂದಿಕೊಂಡ ಸರ್ಕಾರಿ ಯೋಜನೆ ಇನ್ನೊಂದು ಸಿಗುವುದು ಕಷ್ಟ.

ಉದ್ಯೋಗ ಖಾತರಿ ಯೋಜನೆ ಜಿಲ್ಲೆಗೆ ಬಂದದ್ದು ಮೂರನೆಯ ಹಂತದಲ್ಲಿ, 2008ರ ಏಪ್ರಿಲ್ 1ರಂದು. ಸಣ್ಣ ಕೃಷಿಕರು ಸ್ವಂತ ಜಾಗದಲ್ಲೇ ಬಾವಿ, ಇಂಗುಗುಂಡಿ, ದನದ ಹಟ್ಟಿ, ಅಡಿಕೆ ತೋಟದ ಕೆಲಸ ಮಾಡಿಕೊಳ್ಳಲು ಅವಕಾಶವಾಯಿತು. ಆದರೆ ಈ ಸೀಮೆಯ ನಿಜವಾದ ಜಲಸಂರಕ್ಷಣೆ ಕಟ್ಟ. ಮಳೆಗಾಲ ಮುಗಿದು ತೋಡಿನ ಹರಿವು ಇಳಿದಾಗ, ನವೆಂಬರ್–ಡಿಸೆಂಬರ್ ಹೊತ್ತಿಗೆ, ಊರವರು ಕೂಡಿ ಕಲ್ಲು, ಮಣ್ಣು, ಸೊಪ್ಪು ಹಾಕಿ ತೋಡಿಗೆ ಅಡ್ಡಕಟ್ಟುತ್ತಾರೆ. ನೀರು ನಿಂತು ಸುತ್ತಲಿನ ಬಾವಿ, ಕೆರೆಗಳ ಒರತೆ ಏರುತ್ತದೆ. ಮುಂದಿನ ಮಳೆಗೆ ಕಟ್ಟ ಕೊಚ್ಚಿ ಹೋಗುತ್ತದೆ, ಹೋಗಲೇಬೇಕು; ಉಳಿದರೆ ತೋಡು ದಾರಿ ಬದಲಿಸಿ ತೋಟಕ್ಕೆ ನುಗ್ಗೀತು. ಪ್ರತಿ ವರ್ಷ ಹೊಸದಾಗಿ ಕಟ್ಟಬೇಕಾದ್ದೇ ಇದರ ಗುಣ, ಲೆಕ್ಕಪರಿಶೋಧಕರ ಕಣ್ಣಿಗೆ ಅದೇ ದೋಷ. ಬಾಳಿಕೆ ಬರುವ ಆಸ್ತಿಗೇ ಹಣ ಎನ್ನುವ ಯೋಜನೆಗೆ ಆರು ತಿಂಗಳ ಆಸ್ತಿ ಅರ್ಥವಾಗುವುದಿಲ್ಲ. ಪುತ್ತೂರಿನಿಂದ 1988ರಲ್ಲಿ ಹೊರಟ ‘ಅಡಿಕೆ ಪತ್ರಿಕೆ’ ಮತ್ತು ಅದರ ಸಂಪಾದಕ ಶ್ರೀಪಡ್ರೆ ಕಟ್ಟ, ಮದಕ, ಸುರಂಗ ಮುಂತಾದ ನೀರಿನ ಪದ್ಧತಿಗಳ ಬಗೆಗೆ ಎಡೆಬಿಡದೆ ಬರೆದು ಹಳೆಯ ವಿದ್ಯೆಗೆ ಮತ್ತೆ ಗೌರವ ತಂದರು. ಆದರೂ ಸರ್ಕಾರದ ಹಣ ಹೋದದ್ದು ಬಹುತೇಕ ಕಾಂಕ್ರೀಟಿನ ಕಿಂಡಿ ಅಣೆಕಟ್ಟುಗಳಿಗೆ. ಕರಾವಳಿಯ ಪಶ್ಚಿಮವಾಹಿನಿ ಯೋಜನೆಯೂ ಅದೇ ಜಾಡಿನದು. ಅಣೆಕಟ್ಟು ಕಟ್ಟಲು ಅನುದಾನ ಸಿಗುತ್ತದೆ. ವರ್ಷ ವರ್ಷ ಕಿಂಡಿಗೆ ಹಲಗೆ ಇಳಿಸುವವರು, ಮಳೆಗೆ ಮುಂಚೆ ತೆಗೆಯುವವರು ಯಾರು ಎಂಬ ಪ್ರಶ್ನೆ ಊರಿಗೆ ಉಳಿಯುತ್ತದೆ.

ಮರದ ವಿಷಯದಲ್ಲಿ ಸರ್ಕಾರದ ನಿಲುವು ಎರಡು ಮುಖದ್ದು. 1976ರ ಮರ ಸಂರಕ್ಷಣಾ ಕಾಯ್ದೆ ಖಾಸಗಿ ಜಾಗದ ಮರ ಕಡಿಯಲೂ ಅನುಮತಿ ಬೇಕೆಂದಿತು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆ (2011–12) ನೆಟ್ಟು ಬದುಕಿದ ಗಿಡಕ್ಕೆ ಮೂರು ವರ್ಷ ಹಣ ಕೊಡತೊಡಗಿತು. ಪರಿಷ್ಕೃತ ದರದಲ್ಲಿ ಅದು 35, 40, 50, ಒಟ್ಟು 125 ರೂಪಾಯಿ. ನೆಟ್ಟದ್ದಕ್ಕಲ್ಲ, ಬದುಕಿದ್ದಕ್ಕೆ ಹಣ ಎಂಬುದು ಈ ಯೋಜನೆಯ ಜಾಣತನ. ತಾನಾಗಿ ಹುಟ್ಟಿದ ಕಾಡುಮರವನ್ನು ಉಳಿಸಿಕೊಂಡವನಿಗೆ ಇದರಲ್ಲಿ ಏನೂ ಇಲ್ಲ.

ಕಾಡಂಚಿನ ತೋಟಗಳಿಗೆ ಆನೆಯದೇ ದೊಡ್ಡ ಚಿಂತೆ. ಸೌರಬೇಲಿಗೆ ಸಹಾಯಧನ, ಆನೆಕಂದಕ, ಬೆಳೆಹಾನಿಗೆ ಪರಿಹಾರ ಅರಣ್ಯ ಇಲಾಖೆಯ ಮಾಮೂಲು ಉತ್ತರಗಳು. 2023ರ ಫೆಬ್ರವರಿಯಲ್ಲಿ ಕಡಬದ ರೆಂಜಿಲಾಡಿಯಲ್ಲಿ ಆನೆ ದಾಳಿಗೆ ಇಬ್ಬರು ಬಲಿಯಾದಾಗ ಊರವರು ಕೇಳಿದ್ದು ಮೊದಲು ಆನೆ ಹಿಡಿಯಿರಿ ಎಂದು.

2022ರ ಆಗಸ್ಟ್ ಆರಂಭದ ಮಹಾಮಳೆಗೆ ಸುಬ್ರಹ್ಮಣ್ಯದಲ್ಲಿ ಗುಡ್ಡ ಕುಸಿದು ಇಬ್ಬರು ಮಕ್ಕಳು ಸತ್ತರು. ಕೊಲ್ಲಮೊಗ್ರು, ಕಲ್ಮಕಾರು ಕಡೆ ನೆರೆ ತೋಟಗಳಿಗೆ ನುಗ್ಗಿತು. ವಿಪತ್ತು ಪರಿಹಾರ ನಿಧಿಯ 2022–26ರ ಮಾನದಂಡದಂತೆ ಬಹುವಾರ್ಷಿಕ ಬೆಳೆ ನಷ್ಟಕ್ಕೆ ಹೆಕ್ಟೇರಿಗೆ 22,500 ರೂಪಾಯಿ, ಅದೂ 2 ಹೆಕ್ಟೇರ್ ಮಿತಿಯಲ್ಲಿ. ಹೊಸದಾಗಿ ನೆಟ್ಟ ಅಡಿಕೆ ಫಸಲಿಗೆ ಬರಲು ಐದಾರು ವರ್ಷ ಬೇಕೆಂಬುದು ಈ ಲೆಕ್ಕದೊಳಗಿಲ್ಲ.

2011ರಲ್ಲಿ ಪಶ್ಚಿಮ ಘಟ್ಟದ ಕುರಿತ ಮಾಧವ ಗಾಡ್ಗೀಳ್ ನೇತೃತ್ವದ ಸಮಿತಿ ಬೇರೆಯೇ ದಾರಿ ಸೂಚಿಸಿತ್ತು: ತಮ್ಮ ಜಾಗದ ನೈಸರ್ಗಿಕ ಸಸ್ಯಸಂಪತ್ತು ಕಾಪಾಡುವ ಸಣ್ಣ ಹಿಡುವಳಿದಾರರಿಗೆ ನಿರಂತರ ಸಂರಕ್ಷಣಾ ಸೇವಾಶುಲ್ಕ ಕೊಡಬೇಕು. ಈ ಸಲಹೆ ಊರಿನ ಚರ್ಚೆಗೆ ಬರಲೇ ಇಲ್ಲ ಎನ್ನಬಹುದು. ಘಟ್ಟದ ಬಗೆಗಿನ ಮುಂದಿನ ಸಮಿತಿಯ ಕಸ್ತೂರಿರಂಗನ್ ವರದಿಯ (2013) ನಂತರ 2014ರಿಂದ ಒಂದರ ಹಿಂದೊಂದು ಬಂದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆಗಳ ತಿರುಳು ನಿರ್ಬಂಧಗಳ ಪಟ್ಟಿ, ಮತ್ತು ಜನ ಓದಿದ್ದು ಅದನ್ನೇ. ಘಟ್ಟದ ಬುಡದ ಗ್ರಾಮಗಳಲ್ಲಿ ವಿರೋಧ ಬಲವಾಯಿತು. 2024ರ ಜುಲೈ ಕೊನೆಯಲ್ಲಿ ಆರನೆಯ ಕರಡು ಹೊರಬಿತ್ತು. ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಕಸ್ತೂರಿರಂಗನ್ ವರದಿಯನ್ನು ತಿರಸ್ಕರಿಸಿತು.