ಸೈನಿಕ ಆಸ್ಪತ್ರೆಗಳ ಬಾಕಿ ಬಿಲ್ ವಸೂಲಿ (ಅಮೆರಿಕ)

ಅಮೆರಿಕದ ರಕ್ಷಣಾ ಇಲಾಖೆಯ ಆಸ್ಪತ್ರೆಗಳು ನೀಡಿದ ಚಿಕಿತ್ಸೆಗೆ ಬರಬೇಕಾದ, ಗಡುವು ಮೀರಿದ ಹಣವನ್ನು ವಸೂಲು ಮಾಡುವ ವ್ಯವಸ್ಥೆ. ಸೇವೆಯಲ್ಲಿರುವ ಯೋಧರಿಗೆ ಇಲ್ಲಿ ಚಿಕಿತ್ಸಾ ಶುಲ್ಕವಿಲ್ಲ. ವಸೂಲಿಯ ಕಷ್ಟ ಹೆಚ್ಚಾಗಿ ನಾಗರಿಕ ರೋಗಿಗಳ ಖಾತೆಗಳದು. ಉದಾಹರಣೆಗೆ, ಟೆಕ್ಸಾಸ್‌ನ ಸ್ಯಾನ್ ಆಂಟೋನಿಯೋದಲ್ಲಿರುವ ಬ್ರೂಕ್ ಸೇನಾ ವೈದ್ಯಕೀಯ ಕೇಂದ್ರ ಅತ್ಯುನ್ನತ ದರ್ಜೆಯ ಅಪಘಾತ ಚಿಕಿತ್ಸಾ ಕೇಂದ್ರವೂ ಹೌದು. ರಸ್ತೆ ಅಪಘಾತದಲ್ಲಿ ಪ್ರಜ್ಞೆ ತಪ್ಪಿದ ನಾಗರಿಕರನ್ನು ಆಂಬ್ಯುಲೆನ್ಸ್ ಅಲ್ಲಿಗೆ ತಂದಿಳಿಸಿದಾಗ ವಿಳಾಸ, ವಿಮೆ ಯಾವುದೂ ತಿಳಿದಿರುವುದಿಲ್ಲ. ಜೀವ ಉಳಿಸುವುದು ಮೊದಲು, ಕಾಗದಪತ್ರ ಆಮೇಲೆ. ಅದು ಸರಿಯೂ ಹೌದು. ಆದರೆ ಆಗ ಬಿಟ್ಟುಹೋದ ಒಂದು ವಿಮಾ ಸಂಖ್ಯೆ ಮುಂದೆ ರೋಗಿಯ ತಲೆಯ ಮೇಲೆ ಸಾಲವಾಗಿ ಕೂರುತ್ತದೆ.

ಬಿಲ್ ಕಳುಹಿಸಿ 30 ದಿನದೊಳಗೆ ಹಣ ಬಾರದಿದ್ದರೆ ಅದು ಗಡುವು ಮೀರಿದ ಬಾಕಿ. ನೋಟಿಸು, ಬಡ್ಡಿ, ದಂಡ ಒಂದರ ಹಿಂದೊಂದು ಬರುತ್ತವೆ. 1996ರ ಸಾಲ ವಸೂಲಿ ಸುಧಾರಣಾ ಕಾಯ್ದೆ 180 ದಿನ ದಾಟಿದ ಬಾಕಿಯನ್ನು ಖಜಾನೆ ಇಲಾಖೆಗೆ ಒಪ್ಪಿಸಬೇಕೆಂದಿತು. 2014ರ ಇನ್ನೊಂದು ಕಾಯ್ದೆಯ ನಂತರ, ತೆರಿಗೆ ಮರುಪಾವತಿಯಂಥ ಸರ್ಕಾರಿ ಪಾವತಿಗಳಿಂದ ಬಾಕಿಯನ್ನು ಮುರಿದುಕೊಳ್ಳಲು 120 ದಿನಕ್ಕೇ ಖಜಾನೆಗೆ ತಿಳಿಸಬೇಕು. ಸಂಬಳಕ್ಕೂ ಕೈಹಾಕುವ ಅಧಿಕಾರ ಖಜಾನೆಗಿದೆ. ಬ್ರೂಕ್‌ನಲ್ಲಿ ಬಾಕಿಗಳ ಬೆನ್ನುಹತ್ತುವ ಕೆಲಸ ಸಡಿಲವಾಗಿದೆಯೆಂದು ರಕ್ಷಣಾ ಇಲಾಖೆಯ ಮಹಾನಿರೀಕ್ಷಕರ ಕಚೇರಿ 2014ರಲ್ಲಿ ಎತ್ತಿತೋರಿಸಿತು.

ದುಡಿದು ತಿನ್ನುವ ಕುಟುಂಬಕ್ಕೆ ದಂಡ, ಸಂಬಳ ಕಡಿತದ ಈ ವಸೂಲಿ ನಿರ್ದಯವಾದ ದಾರಿ. ಡಿಸೆಂಬರ್ 2022ರ ರಕ್ಷಣಾ ಕಾಯ್ದೆ ಆದಾಯಕ್ಕೆ ತಕ್ಕಂತೆ ನಾಗರಿಕರ ಶುಲ್ಕ ಇಳಿಸಲು ಅವಕಾಶ ಕೊಟ್ಟಿತು.