ಗ್ರಾಮಲೇಖ್ಯವೂ ‘ಗೃಹಭಂಗ’ವೂ

ಮೈಸೂರು ಸಂಸ್ಥಾನದ ಗ್ರಾಮಾಡಳಿತವು ಎಂತಿದ್ದಿತೆಂಬುದನ್ನು ಅರಿಯಲು ಗೆಜೆಟಿಯರುಗಳೂ ವಾರ್ಷಿಕ ವರದಿಗಳೂ ಉಂಟು. ಕಂದಾಯವೆಷ್ಟು, ಬಾಕಿಯೆಷ್ಟು, ಮಳೆಯೆಷ್ಟು ಎಂಬುದೆಲ್ಲ ಅವುಗಳಲ್ಲಿ ದೊರೆಯುವುದು. ಆದರೆ ಆ ಅಂಕಿಗಳನ್ನು ಮೊದಲು ಬರೆದ ಕೈ ಯಾರದು, ಬರೆದ ದಿನ ಆ ಮನೆಯಲ್ಲಿ ಒಲೆ ಹೊತ್ತಿತೇ ಇಲ್ಲವೇ ಎಂಬುದನ್ನು ಅವು ಹೇಳಲಾರವು. ಈ ಕೊರತೆಯನ್ನು ತುಂಬಿದ ಗ್ರಂಥವೊಂದು ಹಾಸನ ಜಿಲ್ಲೆಯವರಿಂದಲೇ ರಚಿತವಾಯಿತು. ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಜನಿಸಿ 2025ರಲ್ಲಿ ದಿವಂಗತರಾದ ಎಸ್. ಎಲ್. ಭೈರಪ್ಪನವರು 1970ರಲ್ಲಿ ಪ್ರಕಟಿಸಿದ ‘ಗೃಹಭಂಗ’ವೇ ಅದು.

ಕಥೆಯು ನಡೆಯುವುದು ತಿಪಟೂರು, ಚನ್ನರಾಯಪಟ್ಟಣಗಳ ಸೀಮೆಯಲ್ಲಿ; ಕಾಲವು 1920ರಿಂದ ಈಚಿನ ಎರಡು ದಶಕಗಳು. ಆಗ ಹಳ್ಳಿಯಲ್ಲಿ ಪಟೇಲನಿಗೆ ದರ್ಪ, ಶಾನುಭೋಗನಿಗೆ ಲೇಖನಿ. ಇಬ್ಬರದೂ ವಂಶಪಾರಂಪರ್ಯವಾದ ಹಕ್ಕು. ಯಾರ ಹೊಲದ ಎಲ್ಲೆ ಎಲ್ಲಿಯವರೆಗೆ, ಯಾರ ಖಾತೆ ಯಾರ ಹೆಸರಿಗೆ ಸರಿಯಿತು ಎಂಬ ಊರಿನ ಗುಟ್ಟುಗಳೆಲ್ಲ ಶಾನುಭೋಗರ ಮನೆಯ ದಫ್ತರದ ಗಂಟಿನಲ್ಲಿ ಅಡಗಿದ್ದುವು. ಆ ಗಂಟು ಕೈತಪ್ಪಿದರೆ ಮಾನವೂ ಅನ್ನವೂ ಒಟ್ಟಿಗೆ ಹೋಗುವುದು. ಹೊಳೆನರಸೀಪುರದ ಹಳೇಕೋಟೆ ಹೋಬಳಿಯ ಹಿರಿಯ ಮನೆತನಗಳಿಗೆ ಇದನ್ನು ವಿವರಿಸಬೇಕಾದುದಿಲ್ಲ.

ಕಾದಂಬರಿಯಲ್ಲಿ ಶಾನುಭೋಗಿಕೆ ಚೆನ್ನಿಗರಾಯನದು. ಲೆಕ್ಕ ಬರೆಯುವವಳು ಮಾತ್ರ ಅವನ ಪತ್ನಿ ನಂಜಮ್ಮ. ಕಾಗದಕ್ಕೆ ಗೆರೆಯೆಳೆದು, ಅಂಕಿ ತುಂಬಿ, ಜಮಾಬಂದಿಗೆ ಸಿದ್ಧಪಡಿಸುವುದು ಅವಳ ಪಾಡು. ಸಹಿ ಹಾಕುವುದು ಅವನ ಅಧಿಕಾರ. ಬಂದ ಪೋಟಗಿಯು ಅವನ ಜಿಹ್ವಾಚಾಪಲ್ಯಕ್ಕೆ ಮೀಸಲು. ಇತಿಹಾಸವನ್ನು ಬರೆಯುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಇಂತಹ ಲೆಕ್ಕದ ಪುಸ್ತಕವೊಂದು ತಾಲ್ಲೂಕು ಕಚೇರಿಯಲ್ಲಿ ದೊರೆತರೆ ಸಂಶೋಧಕನು ಏನೆಂದು ತೀರ್ಮಾನಿಸುವನು? ಚೆನ್ನಿಗರಾಯನೆಂಬ ದಕ್ಷನಾದ ಶಾನುಭೋಗನೊಬ್ಬನಿದ್ದನೆಂದೇ! ಲೇಖ್ಯವು ಸುಳ್ಳಲ್ಲ, ಅಂಕಿಗಳೂ ಸರಿ. ಆದರೂ ಅದರಿಂದ ಹುಟ್ಟುವ ಚರಿತ್ರೆ ಸುಳ್ಳು.

ಗಂಗಮ್ಮನ ಬೈಗುಳಗಳನ್ನು ಕುರಿತು ಸಭ್ಯರಾದ ವಾಚಕರಿಗೆ ಆಕ್ಷೇಪವುಂಟು. ಮನೆಮಂದಿಯ ನಡುವೆ ಗಟ್ಟಿಯಾಗಿ ಓದಲು ನಾಚಿಕೆಯಾಗುವ ಮಾತುಗಳಿರುವುದು ದಿಟ. ಆದರೆ ಅವುಗಳನ್ನು ತೊಳೆದು ಶುದ್ಧಮಾಡಿದರೆ ಆ ಮನೆಯೇ ಸುಳ್ಳಾಗುವುದು. (ಇಂತಹ ನಾಲಗೆಯನ್ನು ತಮ್ಮ ಬೀದಿಯಲ್ಲಿ ಕೇಳದವರು ಬಹುಶಃ ಕಿವಿ ಮುಚ್ಚಿಕೊಂಡು ಬಾಳಿದವರು.)

ಸಾವಿನ ಮೇಲೆ ಸಾವು ಬರುವುದು ಕರುಣರಸದ ಅತಿರೇಕವೆಂಬುದು ಇನ್ನೊಂದು ಆಕ್ಷೇಪ. ಇದು ನಿಲ್ಲುವುದಿಲ್ಲ. 1898ರಲ್ಲಿ ಬೆಂಗಳೂರನ್ನು ಹೊಕ್ಕ ಪ್ಲೇಗು ಮುಂದೆ ದಶಕಗಳ ಕಾಲ ಸಂಸ್ಥಾನವನ್ನು ಬಿಡಲಿಲ್ಲ. ಇಲಿ ಬಿದ್ದಿತೆಂದರೆ ಜನರು ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಗ್ರಂಥಕರ್ತರು ಬಾಲ್ಯದಲ್ಲಿಯೇ ಒಡಹುಟ್ಟಿದವರನ್ನೂ ತಾಯಿಯನ್ನೂ ಈ ರೋಗಕ್ಕೆ ಒಪ್ಪಿಸಿದವರು. ‘ಭಿತ್ತಿ’ಯನ್ನು ಓದಿದವರಿಗೆ ಇದು ತಿಳಿದ ವಿಷಯ. ಪಾರ್ವತಿ, ರಾಮಣ್ಣ, ಬಳಿಕ ನಂಜಮ್ಮ ಹೀಗೆ ಒಬ್ಬೊಬ್ಬರಾಗಿ ಅಳಿಯುವುದು ಕವಿಯ ಕಟ್ಟುವಿಕೆಯಲ್ಲ.

ಗ್ರಾಮಾಧಿಕಾರಗಳನ್ನು ರದ್ದುಮಾಡುವ 1961ರ ಶಾಸನವು 1963ರ ಫೆಬ್ರವರಿ 1ರಿಂದ ಜಾರಿಗೆ ಬಂದಿತು. ಆದುದರಿಂದ ಪುಸ್ತಕವು ಹೊರಬರುವ ವೇಳೆಗೆ ಶಾನುಭೋಗಿಕೆ ಅಳಿದು ಏಳು ವರ್ಷಗಳಾಗಿದ್ದುವು. ಅದನ್ನು ಮೊದಲು ಓದಿದವರಲ್ಲಿ ದಫ್ತರವನ್ನು ಆಗತಾನೆ ಕೈಬಿಟ್ಟ ಮನೆಗಳವರೂ ಇದ್ದರು. ಕಥೆಯ ಕೊನೆಯಲ್ಲಾದರೋ ಉಳಿದವನು ಬಾಲಕ ವಿಶ್ವನೊಬ್ಬನೇ. ಅವನು ಲೆಕ್ಕ ಕಲಿಯಲು ಕುಳಿತುಕೊಳ್ಳುವುದಿಲ್ಲ. ಜಂಗಮರಾದ ಮಹಾದೇವಯ್ಯನವರ ಹಿಂದೆ ಊರು ಬಿಟ್ಟು ನಡೆಯುತ್ತಾನೆ.